ಇವನಲ್ಲ

ಮೂವತ್ತೊಂಬತ್ತು ಪ್ರಶ್ನೆ, ಒಂದೊಂದರ ಮುಂದೆ ನಾಲ್ಕು ಚೌಕ:
ಎಂದೂ ಇಲ್ಲ, ಆಗೊಮ್ಮೆ ಈಗೊಮ್ಮೆ, ಹಲವು ಸಲ, ಯಾವಾಗಲೂ.
ಪೆನ್ನಿನ ಶಾಯಿ ಹೆಪ್ಪುಗಟ್ಟುವ ಚಳಿ, ಆದ್ದರಿಂದ ಪೆನ್ಸಿಲ್ಲು.
ಜಂಬಾನ ಜೀಪು, ಎರಡು ಫ್ಲಾಸ್ಕು ಉಪ್ಪು ಚಹಾ.
ಅರ್ವೈಹೇರ್ ಪಟ್ಟಣ ದಾಟಿದರೆ ಆಮೇಲೆ
ದಾರಿಯೆಂಬುದು ಹೋದವರು ಹೋದ ಕಡೆಗೆ.

ನನ್ನ ಕೆಲಸ ಮಕ್ಕಳನ್ನು ಅಳೆಯುವುದಲ್ಲ,
ಅಳತೆಗೋಲನ್ನು ಅಳೆಯುವುದು.
ಎಲ್ಲೋ ಕಡಲಾಚೆಯ ಚೌಕ ಕೋಣೆಗಳಲ್ಲಿ ಹುಟ್ಟಿದ ವಾಕ್ಯ
ಈ ಉಣ್ಣೆಯ ದುಂಡು ಗುಡಾರದಲ್ಲಿ
ಎಲ್ಲಿ ಕೂರುತ್ತದೆ, ಎಲ್ಲಿ ಉರುಳುತ್ತದೆ ನೋಡುವುದು.

'ಮೂಲೆಯಲ್ಲಿ ಒಬ್ಬನೇ ಕೂತಿರುತ್ತಾನೆಯೇ?'
ಉಯಂಗಾ ಸುತ್ತ ಕಣ್ಣಾಡಿಸಿದಳು, ಮೂಲೆ ಹುಡುಕಿದಳು,
ನಕ್ಕಳು. ನಾನು ಗೀಟು ಹಾಕಿದೆ.

'ಬೊಟ್ಟು ಮಾಡಿ ತೋರಿಸುತ್ತಾನೆಯೇ?'
'ಛೆ, ಬೊಟ್ಟು ಮಾಡಲು ಬಿಡುತ್ತೇವೆಯೇ?
ಅಂಗೈ ಬಿಚ್ಚಿ ತೋರಿಸಬೇಕು, ಹೀಗೆ.'

'ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆಯೇ?' ಎಂಬುದನ್ನು
ನಮ್ಮ ಮಾತಿಗೆ ತಂದು, ಮೂಲ ತೋರಿಸದೆ
ಸೊಲೊಂಗೊ ಟೀಚರಿಗೆ ಕೊಟ್ಟಿದ್ದೆವು, ಹಿಂದಕ್ಕೆ ತಿರುಗಿಸಲು.
'ಹಿರಿಯರನ್ನು ದುರುಗುಟ್ಟುತ್ತಾನೆಯೇ?' ಎಂದಾಗಿ ಬಂತು.
ಹೋಗುವಾಗ ಒಳ್ಳೆಯ ಹುಡುಗ,
ಬರುವಾಗ ಪುಂಡ.

ಹದಿನಾಲ್ಕನೆಯದು: 'ವಸ್ತುಗಳನ್ನು ಸಾಲಾಗಿ ಜೋಡಿಸುತ್ತಾನೆಯೇ?'
ಯಾವಾಗಲೂ, ಯಾವಾಗಲೂ, ಯಾವಾಗಲೂ,
ಕೇಳಿದ ನಲವತ್ತು ತಾಯಂದಿರೂ ಯಾವಾಗಲೂ.
ಕುರಿಯ ಗೆಣ್ಣುಮೂಳೆ, ಒಂದು ಮಗ್ಗುಲಿಗೆ ಕುದುರೆ,
ಇನ್ನೊಂದಕ್ಕೆ ಒಂಟೆ, ಹೊರಳಿಸಿದರೆ ಮೇಕೆ,
ಸಾಲು ಕಟ್ಟಿ ಓಟಕ್ಕೆ ಬಿಡದ ಮಗು
ಈ ಸೀಮೆಯಲ್ಲಿ ಎಲ್ಲಿದೆ?
ಉಲಾನ್‌ಬಾತರ್‌ನಿಂದ ಗಂತುಲ್ಗ ಫೋನಿನಲ್ಲಿ:
'ಅದು ಯಾರನ್ನೂ ಬೇರ್ಪಡಿಸುತ್ತಿಲ್ಲ, ಕಿತ್ತುಹಾಕು.'
ಬೇರ್ಪಡಿಸದ್ದು ಬೇಡದ್ದು, ಅವನ ಶಾಸ್ತ್ರದಲ್ಲಿ.
ನನ್ನದರಲ್ಲೂ ಅನ್ನಿ. ಸಂಬಳ ಅದಕ್ಕೇ.

ಹುಡುಗ ಗೋಡೆಯ ಉಣ್ಣೆಗೆ ಕೆನ್ನೆಯೊತ್ತಿ ನಿಂತಿದ್ದ.
ಒಲೆಯ ಕೊಳವೆ ಟಿಣ್ಣೆಂದರೆ ಹೆಗಲು ಹಾರುತ್ತಿತ್ತು.
ಐದು ವರ್ಷ. ಹೆಸರು ಎನೆಬಿಶ್.
ಎನೆಬಿಶ್ ಅಂದರೆ, ಇವನಲ್ಲ.

'ಹೆಸರು ಹಿಡಿದು ಕರೆದರೆ ತಿರುಗುತ್ತಾನೆಯೇ?'
ಓದಿ ಮುಗಿಸುವ ಮೊದಲೇ ನಾಲಿಗೆ ಕಚ್ಚಿಕೊಂಡೆ.
ಅಜ್ಜಿ ತ್ಸೆಂಡ್-ಆಯುಷ್ ಒಲೆಗೆ ಬೆರಣಿ ಇಡುತ್ತಿದ್ದ ಕೈ ನಿಲ್ಲಿಸಿ,
'ತಿರುಗಬಾರದೆಂದೇ ಇಟ್ಟ ಹೆಸರು, ಮಗಳೇ.
ಇವನಿಗಿಂತ ಮುಂಚೆ ಇಬ್ಬರು ಹೋದರು.
ಹುಡುಕಿಕೊಂಡು ಬರುವುದು ಬಂದು ಕೇಳಿದರೆ
ಇವನಲ್ಲ ಅನ್ನಬೇಕಲ್ಲ.
ಈವರೆಗೂ ಅದಕ್ಕೆ ಸಿಕ್ಕಿಲ್ಲ.'

ಉಯಂಗಾ ಹಾಲು-ಚಹಾವನ್ನು ಸೌಟಿನಲ್ಲಿ
ಎತ್ತಿ ಹೊಯ್ದಳು, ಎತ್ತಿ ಹೊಯ್ದಳು,
ನನ್ನ ಕಡೆ ನೋಡದೆ ಅಂದಳು:
'ನಮಗೂ.'

'ಮನೆಯಲ್ಲಿ ಬೇರೆ ಏನಾದರೂ ಕರೆಯುತ್ತೀರಾ?'
'ಕರೆಯುವುದಿಲ್ಲ.
ಹತ್ತಿರ ಹೋಗಿ ಹೆಗಲು ಮುಟ್ಟುತ್ತೇವೆ.'
ಪೆನ್ಸಿಲ್ಲು ನಾಲ್ಕೂ ಚೌಕಗಳ ಮೇಲೆ ಸುಳಿದು
ಅಂಚಿನಲ್ಲಿ ಇಳಿಯಿತು.

ಹದಿನೈದು ದಿನ ಬಿಟ್ಟು ಅದೇ ಪ್ರಶ್ನೆ ಅದೇ ಬಾಯಿಗೆ.
ಅದು ನಿಯಮ: ಒಳ್ಳೆಯ ತಕ್ಕಡಿ ಎರಡು ಸಲವೂ ಅಷ್ಟೇ ತೂಗಬೇಕು.
ಅಷ್ಟರಲ್ಲಿ ಗುಡಾರ ಬಿಚ್ಚಿ ಗಾಳಿ ತಪ್ಪುವ ದಿಬ್ಬದಾಚೆ ಹೋಗಿದ್ದರು,
ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯಿತು.
ಉಯಂಗಾಳ ಏಳು ಉತ್ತರ ಬದಲಾಗಿದ್ದವು.
ಯಾಕೆಂದೆ.
'ನೀವು ಕೇಳಿ ಹೋದಿರಿ,
ಆಮೇಲೆ ನಾನು ನೋಡತೊಡಗಿದೆ.'

ಗಂತುಲ್ಗನ ಕೋಷ್ಟಕದಲ್ಲಿ ಅದಕ್ಕೆ ದೋಷವೆಂದು ಹೆಸರು.
ನಾನು ಜಗಳವಾಡಲಿಲ್ಲ.
ಅವನೂ ಸುಳ್ಳು ಹೇಳುವವನಲ್ಲ,
ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರು
ಈ ಕಾಗದ ನೋಡಿಯೇ ಇಂಥ ಮಗುವಿಗೊಂದು ದಾರಿ ಮಾಡಬೇಕು.

ಹೊರಡುವಾಗ ಅಜ್ಜಿ ಒಣಗಿದ ಮೊಸರಿನ ಗಟ್ಟಿ ಚೂರು
ನನ್ನ ಕೋಟಿನ ಜೇಬಿಗೆ ತುರುಕಿದಳು.
'ಎಷ್ಟು ಬಂತು ಹುಡುಗನಿಗೆ, ನೂರಕ್ಕೆ?'
'ಇದು ಅವನ ಪರೀಕ್ಷೆಯಲ್ಲ ಅಜ್ಜಿ, ನಮ್ಮ ಪ್ರಶ್ನೆಗಳದ್ದು.'
'ಓಹೋ.' ಕಣ್ಣು ಕಿರಿದು ಮಾಡಿ, ತುಸು ಖುಷಿಯಲ್ಲೇ,
'ಹಾಗಾದರೆ ಎಷ್ಟು ಪಾಸಾದವು?'

ಇಪ್ಪತ್ತಾರು, ಅಂದೆ.
ಸದ್ಯಕ್ಕೆ.