ಮೊದಲ ಶನಿವಾರ

ಹತ್ತೊಂಬತ್ತು ವರ್ಷ, ಪ್ರತಿ ಶನಿವಾರ ಸಂಜೆ
ಮಾಲೀಕರ ಮೇಜಿನ ಮುಂದೆ ಕೈಯೊಡ್ಡಿದ್ದೇನೆ.
ಬೆಂದು ಬಿಳಿಚಿದ ಬೆರಳಿಗೆ
ನೋಟು ಅಂಟಿಕೊಳ್ಳುತ್ತಿತ್ತು.

ಮೊನ್ನೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಹರಾಜಿನವನು ಕೂಗಿದ:
ಶಹತಾಜ್, ಮೂವತ್ತೆರಡು ಕೇಜಿ!
ಯಾರಪ್ಪಾ ಅದು ಅಂತ
ಹಿಂದೆ ತಿರುಗಿ ನೋಡಿದೆ.

ಚರಕ ಸೆಕೆಂಡ್ ಹ್ಯಾಂಡು.
ಒಲೆ ನನ್ನದು, ಹೊಗೆಯೂ.
ಕುದಿನೀರಿಗೆ ಮಾತ್ರ ಇನ್ನೂ ಗೊತ್ತಿಲ್ಲ
ನಾನು ಯಜಮಾನಿ ಅಂತ,
ಹಳೇ ಲೆಕ್ಕದಲ್ಲೇ ಸುಡುತ್ತದೆ.
ಎಳೆ ತುಂಡಾದರೆ ಬೈಯುವವರಿಲ್ಲ;
ನಾನೇ ಬೈದುಕೊಂಡೆ,
ಅವರದೇ ದನಿಯಲ್ಲಿ.

ಇವತ್ತು ಶನಿವಾರ.
ಗೂಡು, ಸೌದೆ, ಕರೆಂಟು, ಕೂಲಿ ಕಳೆದು
ನನಗೆ ಉಳಿದದ್ದು ನೂರ ನಲವತ್ತು.
ಎರಡು ಸಲ ಎಣಿಸಿದೆ.

ಚರಕ ತಿರುಗಿಸುವ ಮುಬೀನಾ ಬಂದು
ಬಾಗಿಲ ಹತ್ತಿರವೇ ನಿಂತು
ಕೈಯೊಡ್ಡಿದಳು.

ಕೂತು ಕೊಡಲಾಗಲಿಲ್ಲ.