ಷರಾ

ತೋಟದಲ್ಲಿ ನನ್ನನ್ನು ರೈಟರ್ ಅನ್ನುತ್ತಾರೆ.
ಬರೆಯುವುದು ಹೆಚ್ಚೇನಿಲ್ಲ: ಆಳುಗಳ ಹಾಜರಿ,
ಗೊಬ್ಬರದ ಮೂಟೆ, ಪಂಪಿಗೆ ಹೋದ ಡೀಸೆಲ್ಲು,
ಬೆಳಿಗ್ಗೆ ಎಂಟಕ್ಕೆ ಗೇಜಿನ ಗಾಜಲ್ಲಿ ನಿಂತ ಮಳೆ
ಇಂಚು ಸೆಂಟಿನಲ್ಲಿ.
ಕೊನೆಯ ಕಾಲಂ ಷರಾ. ಬಾಳೆಲೆಗೆ ಬಂದು
ಮೂವತ್ತೊಂದು ವರ್ಷ, ಅದರಲ್ಲಿ ನಾನು ಬರೆದದ್ದು
ಒಂದೇ ಪದ: ಇಲ್ಲ.

ಸಂಕ್ರಾಂತಿಗೆ ಮುಂಚೆ ಲೈನಿನವರು ಬಂದರು.
ದೊಡ್ಡ ಕರೆಂಟು, ಗಡಿ ದಾಟಿ ಹೋಗುವಂಥದ್ದು.
ನಮ್ಮ ಬಲ್ಬಿಗೆ ಇಳಿಯುವುದಿಲ್ಲ,
ದೊಡ್ಡವರ ಮಾತಿನ ಹಾಗೆ
ತಲೆ ಮೇಲೆ ಹಾದುಹೋಗುತ್ತದೆ.
"ಮರ ಎಣಿಸಿ ಕೊಡಿ ರೈಟರೇ" ಅಂದರು ಬೆಳ್ಯಪ್ಪ ಸಾಹುಕಾರ್ರು
ಕಾಫಿ ಲೋಟ ಕೆಳಗಿಡದೆ.

ಪುಸ್ತಕ ನನ್ನದು, ಹಳದಿ ಬಣ್ಣದ ಡಬ್ಬ ಜೆ.ಕೆ. ಬೊಳ್ಳನದು.
ಜೆ.ಕೆ. ಅಂದರೆ ಜೇನುಕುರುಬ.
ರೇಷನ್ ಕಾರ್ಡಿನಲ್ಲಿ ಜಾತಿಯೇ ಅವನ ಇನಿಷಿಯಲ್ಲು.

ಒಂದು, ಮತ್ತಿ, ಸುತ್ತಳತೆ ಏಳಡಿ.
ಎರಡು, ನಂದಿ.
ಮೂರು, ಹೊನ್ನೆ, ಸಿಡಿಲು ಬಡಿದು ಬದುಕಿದ್ದು.
ಹನ್ನೆರಡು, ಬೀಟೆ. ಅದು ಸರ್ಕಾರದ್ದು,
ನೆರಳಷ್ಟೇ ಇಷ್ಟು ದಿನ ನಮ್ಮದಾಗಿತ್ತು.
ಅರವತ್ತೊಂದಕ್ಕೆ ಆನೆ ಬೆನ್ನುಜ್ಜಿ
ತೊಗಟೆ ಕನ್ನಡಿಯಾಗಿತ್ತು, ಬಣ್ಣ ನಿಲ್ಲಲಿಲ್ಲ,
ಎರಡು ಸಲ ಬಳಿದೆವು.

ಇನ್ನೂರ ಹದಿನಾಲ್ಕು, ಗೋಣಿ.
ಬೊಳ್ಳ ಡಬ್ಬ ಕೆಳಗಿಟ್ಟ.
ಕತ್ತೆತ್ತಿದರೆ ಕೊಂಬೆ ಕೊಂಬೆಗೂ ಹೆಜ್ಜೇನು,
ಕಪ್ಪಗೆ ಜೋತುಬಿದ್ದು ಉಸಿರಾಡುವ ತಟ್ಟಿಗಳು.
ಬೆರಳು ಮಡಿಸಿ ಮಡಿಸಿ ಎಣಿಸಿದ.
"ನಲವತ್ತಮೂರು ಮನೆ ಉಂಟು. ಎಲ್ಲಿ ಬರೀತೀರಿ?"
ಫಾರಮ್ಮಿನಲ್ಲಿ ಮರಕ್ಕೆ ಮಾತ್ರ ಜಾಗ ಅಂದೆ.
"ಹಾಗಾದ್ರೆ ಮೊದಲು ಪಟ್ಟಾ ಬರೀರಿ,
ಆಮೇಲೆ ಎಬ್ಬಿಸಿ."
ನಕ್ಕ. ಅವನ ಹಾಡಿಗೇ ಮೂರು ತಲೆಮಾರಿನಿಂದ ಪಟ್ಟಾ ಇಲ್ಲ.
ಬ್ರಷ್ಷು ಮುಟ್ಟಲಿಲ್ಲ.

ನಂಬರು ಹಾಕಿದವನು ನಾನೇ.
೨, ೧, ೪. ನನ್ನ ಅಕ್ಷರ ದುಂಡಗೆ ಅಂತ
ಎಲ್ಲರೂ ಹೇಳುತ್ತಾರೆ.

ಗರಗಸದ ಸದ್ದು ಒಂಬತ್ತು ದಿನ.
ಸಂಜೆ ನಿಂತ ಮೇಲೂ ಅನ್ನದ ತಟ್ಟೆಯಲ್ಲಿ
ಸಣ್ಣಗೆ ಕೇಳುತ್ತಿತ್ತು.

ಮಾರ್ಚಿಗೆ ಹೂಮಳೆ ಬರಲಿಲ್ಲ. ಗೇಜು: ಸೊನ್ನೆ ಸೊನ್ನೆ.
ಲಕ್ಷ್ಮಣತೀರ್ಥಕ್ಕೆ ಪಂಪು ಇಳಿಸಿದೆವು,
ನಾವೊಬ್ಬರೇ ಅಲ್ಲ, ಆ ತಿರುವಿನಲ್ಲೇ ಹನ್ನೊಂದು.
ಹಗಲು ಹೊಳೆ ನಮ್ಮ ಪೈಪಿನಲ್ಲಿ,
ರಾತ್ರಿ ಉಳಿದದ್ದು ಮರಳಿನ ಟ್ರ್ಯಾಕ್ಟರಿನಲ್ಲಿ.
ಗುಂಡಿಗೆ ಸೇರಿಕೊಂಡ ಮೀನನ್ನು
ಮಕ್ಕಳು ಬಕೆಟ್ಟಿನಲ್ಲಿ ಬಾಚಿದರು.

ಎಂಟನೆಯ ದಿನ ಹೂವಾಯಿತು.
ಲೈನಿನ ಕೆಳಗಿನ ಬೋಳು ಪಟ್ಟೆಯೊಂದು ಬಿಟ್ಟು
ಕಣ್ಣು ಹಾಯುವಷ್ಟೂ ಬೆಳ್ಳಗೆ.
ಹೋಮ್‌ಸ್ಟೇಯವರು ಗೇಟಿನಲ್ಲಿ ಕಾರು ನಿಲ್ಲಿಸಿ
ಫೋಟೋ ತೆಗೆದರು, "ಎಷ್ಟು ಶಾಂತಿ ಇಲ್ಲಿ" ಅಂದರು.
ಹೌದು, ಶಾಂತಿ.
ಹೂವಿನ ತೋಟ ಅಂದರೆ ದೂರಕ್ಕೇ ಕೇಳಬೇಕು,
ಪಕ್ಕದ ಮನೆಯಲ್ಲಿ ಹಾಲು ಉಕ್ಕಿದ ಹಾಗೆ.
ಆ ಬೆಳಿಗ್ಗೆ ನನ್ನ ಚಪ್ಪಲಿ ಸದ್ದು ನನಗೇ ಕೇಳಿತು.

ರೋಬಸ್ಟಾಕ್ಕೆ ತನ್ನ ಹೂಪುಡಿ ತನಗೇ ಒಗ್ಗದು.
ಪಕ್ಕದ ಗಿಡದ್ದೇ ಬೇಕು,
ಹೊತ್ತು ತರುವವರು ಬೇಕು.
ಕಾರಣ ಇದೇ ಅಂತ ನಾನು ಹೇಳುವುದಿಲ್ಲ, ನಾನು ರೈಟರು.

ಕುಯ್ಲಿನಲ್ಲಿ ಎರವರ ಮುತ್ತೆ ಗೊಂಚಲು ಹಿಡಿದು ಕರೆದಳು:
"ನೋಡಿ, ಹಲ್ಲುದುರಿದ ಬಾಯಿ."
ಚೀಲ ಎಣಿಸಿದೆ. ಮತ್ತೆ ಎಣಿಸಿದೆ.
ಸಾಹುಕಾರ್ರು ಕೇಳಿದ್ದು ಗೊಬ್ಬರದ ಲೆಕ್ಕ.

ರಾತ್ರಿ ಪುಸ್ತಕ ತೆರೆದೆ. ಪೆನ್ನಿನ ಮುಚ್ಚಳದಲ್ಲಿ
ಇನ್ನೂ ಒಂದು ಚೂರು ಹಳದಿ.
ಹಾಜರಿಯ ಪುಟದಲ್ಲಿ, ಮುತ್ತೆಯ ಹೆಸರಿನ ಕೆಳಗೆ,
ಹೊಸ ಸಾಲು ಎಳೆದು ಬರೆದೆ:
ಮರ ೨೧೪, ನಲವತ್ತಮೂರು ಮನೆ. ಗೈರು.
ಷರಾ: ಮುಂಗಡ ಬಾಕಿ ನಮ್ಮ ಕಡೆಯದು.

ಬೆಳಿಗ್ಗೆ ಸಾಹುಕಾರ್ರು ಓದದೆ ರುಜು ಹಾಕಿದರು.