ಮೂರನೇ ಕುರ್ಚಿ

ಬೆಂಚುಗಳನ್ನು ಗೋಡೆಗೊತ್ತಿದರೆ ಶಾಲೆಯೇ ಆಸ್ಪತ್ರೆ.
ಒಂದು ಕುರ್ಚಿ ಡಾಕ್ಟರರಿಗೆ, ಒಂದು ಬಂದವರಿಗೆ,
ನಡುವಿನದ್ದು ನನಗೆ:
ಮಲಯಾಳದ ಪ್ರಶ್ನೆ ಕನ್ನಡಕ್ಕೆ,
ಕನ್ನಡದ ಉತ್ತರ, ತುಳುವಿನ ಬಿಕ್ಕು
ಮತ್ತೆ ಮಲಯಾಳಕ್ಕೆ.
ಮಧ್ಯಾಹ್ನ ಗಂಜಿ, ಮಾವಿನ ಉಪ್ಪಿನಕಾಯಿ.

ಟೋಕನ್ ನಲವತ್ತೊಂದು. ಸುಗಂಧಿ.
ಸೊಂಟದ ಮೇಲೆ ಮಗ.
ಪ್ರಾಯ? ಇಪ್ಪತ್ತಮೂರು.
ಡಾಕ್ಟರು ನನ್ನನ್ನು ನೋಡಿದರು,
ತಪ್ಪಿದ್ದು ನನ್ನ ಕಿವಿಯೆಂಬಂತೆ.
ಮತ್ತೆ ಕೇಳಿದೆ.
"ಇಪ್ಪತ್ತಮೂರೇ. ಮೊನ್ನೆ ಸಂಕ್ರಮಣಕ್ಕೆ ತುಂಬಿತು.
ಆ ಫ್ಯಾನೊಂದು ನಿಲ್ಲಿಸಿ ಟೀಚರೇ,
ಮೇಲಿನಿಂದ ಸದ್ದಾದರೆ ಇವನಿಗೆ ಆಗುವುದಿಲ್ಲ."
ನಿಲ್ಲಿಸಿದೆವು. ಕೋಣೆಯಿಡೀ ಬೆವರಿತು.

ಯಾವಾಗಿನಿಂದ ಹೀಗೆ?
"ಹೆಲಿಕಾಪ್ಟರು ಕಡೇ ಸಲ ಬಂದಾಗ ಇವ ಹೊಟ್ಟೆಯಲ್ಲಿ."
ಗೇರುಗುಡ್ಡೆಯ ಮೇಲೆ ಅದು ತಗ್ಗಿ ಹಾರುವಾಗ
ನಾವು ಮಕ್ಕಳೆಲ್ಲ ಅಂಗಳಕ್ಕೆ ಓಡಿ
ಕೈ ಬೀಸುತ್ತಿದ್ದೆವು.
ಒಮ್ಮೆ ಒಳಗಿದ್ದವನೂ ಬೀಸಿದ.
ಇದನ್ನು ಯಾರೂ ಕೇಳಲಿಲ್ಲ, ನಾನು ಅನುವಾದಿಸಲಿಲ್ಲ.

ಕುಡಿಯುವ ನೀರು? ಬಾವಿಯೋ ನಳ್ಳಿಯೋ?
ಸುಗಂಧಿಯ ಮಾವ ಐತಪ್ಪ ಬಾಗಿಲಲ್ಲೇ ನಿಂತು ಹೇಳಿದ:
"ಬಾವಿ ಮುಚ್ಚಿಕೊಳ್ಳಿ ಅಂತ ಜೀಪಿನಲ್ಲಿ ಕೂಗಿಕೊಂಡು ಹೋದರು.
ಬಾವಿ ಇದ್ದವರು ಮಡಲು ಹಾಸಿದರು.
ನಮ್ಮದು ಸುರಂಗ.
ಎಂಬತ್ತು ಕೋಲು, ನಾನೇ ಕೊರೆದದ್ದು,
ಕೂತುಕೊಂಡು, ಮೇಣದಬತ್ತಿ ಇಟ್ಟುಕೊಂಡು.
ಬತ್ತಿ ಆರಿದರೆ ಗಾಳಿಯಿಲ್ಲ, ಹಿಂದೆ ಬರಬೇಕು.
ನೀರು ಸಿಕ್ಕಿದ ದಿನ ಬತ್ತಿ ಆರಲಿಲ್ಲ.
ಮತ್ತೆ ಗುಡ್ಡೆಯನ್ನು
ಎಷ್ಟು ಮಡಲಿನಲ್ಲಿ ಮುಚ್ಚುವುದು ಹೇಳಿ?"

ಎಂತ ಹೇಳಿದರು, ಡಾಕ್ಟರರ ಪೆನ್ನು ಕಾಯುತ್ತಿತ್ತು.
ಫಾರಂನಲ್ಲಿ ಸುರಂಗಕ್ಕೆ ಚೌಕವಿರಲಿಲ್ಲ.
ಹೊರಗೆ ಸಾಲು, ಬಿಸಿಲು, ಮಂಚದ ಸಮೇತ ತಂದ ಒಬ್ಬಳು.
ಬಾವಿ, ಎಂದೆ.
ಅವರು ಗೀಟು ಹಾಕಿದರು.

ನಲವತ್ತೆರಡು, ಬೀಪಾತುಮ್ಮ.
ಜೊತೆಗೆ ಯಾರೂ ಇಲ್ಲ, ಕೈಯಲ್ಲಿ ಮಗಳ ಕಾರ್ಡು.
ಪಟ್ಟಿಯಲ್ಲಿ ಹೆಸರು ಈಗ ಬಂದಿದೆಯಂತೆ.
ಮಗಳು ಹೋಗಿ ಎರಡು ನೋಂಬು ಕಳೆಯಿತು.
"ಕರೆದಿದ್ದಾರಲ್ಲ, ಬಾರದಿದ್ದರೆ ತಪ್ಪಾಗುತ್ತದಲ್ಲ
ಅಂತ ಬಂದೆ."
ಇದಕ್ಕೆ ಮಲಯಾಳ ಬೇಕಾಗಲಿಲ್ಲ.
ಡಾಕ್ಟರು ಕನ್ನಡಕ ತೆಗೆದು ಒರೆಸಿದರು,
ಬಹಳ ಹೊತ್ತು.

ಐದು ಗಂಟೆಗೆ ಕುರ್ಚಿ ಮಡಚುವಾಗ
ಐತಪ್ಪ ಇನ್ನೂ ಮೆಟ್ಟಿಲಲ್ಲಿ, ಬಸ್ಸಿಗೆ ಕಾಯುತ್ತ.
ಮಡಿಲಲ್ಲಿ ಮೊಮ್ಮಗ ನಿದ್ದೆ.
"ಬೆಳಗ್ಗಿನಿಂದ ಮಾತಾಡಿದ್ದೀರಿ" ಎಂದು
ಜ್ಯೂಸಿನ ಹಳೇ ಬಾಟಲಿ ಚಾಚಿದ.
"ಸುರಂಗದ್ದೇ. ಪರೀಕ್ಷೆ ಮಾಡಿದ್ದಾರೆ,
ಈಗ ಏನೂ ಇಲ್ಲವಂತೆ."

ಮುಚ್ಚಳ ತಿರುಗಿಸಿದೆ.
ಅವನು ನೋಡುತ್ತಿದ್ದ.
ಕುಡಿದೆ.
ತಣ್ಣಗಿತ್ತು, ಸಿಹಿಯಾಗಿತ್ತು.